ಇಂಗ್ಲಿಷು ಪಾಠಕ್ಕೆ ಎಂಥ ಚಿತ್ರ?

1895ನೆಯ ಇಸವಿ ಡಿಸೆಂಬರ್ 28ರಂದು ಪ್ಯಾರಿಸ್ ನಗರದ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ಹಣ ತೆತ್ತು ಬಂದವರಿಗೆ ತೋರಿಸಿದ ಹತ್ತು ಪುಟ್ಟ ಚಿತ್ರಗಳಲ್ಲಿ ಒಂದು, ತೋಟದ ಮಾಲಿಯದು. ಮಾಲಿ ಕೊಳವೆ ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಾನೆ. ತುಂಟ ಹುಡುಗನೊಬ್ಬ ಹಿಂದಿನಿಂದ ಬಂದು ಕೊಳವೆಯನ್ನು ಮೆಟ್ಟುತ್ತಾನೆ. ನೀರು ನಿಲ್ಲುತ್ತದೆ. ಏನಾಯಿತಪ್ಪಾ ಎಂದು ಮಾಲಿ ಕೊಳವೆಯ ಬಾಯನ್ನು ಮುಖದ ಹತ್ತಿರಕ್ಕೆ ತಂದು ಇಣಿಕುತ್ತಾನೆ. ಹುಡುಗ ಕಾಲೆತ್ತುತ್ತಾನೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಒಂದು ನಿಮಿಷವೂ ಹಿಡಿಯದ, ಒಂದು ಮಾತೂ ಇಲ್ಲದ ಕಥೆ ಇದು.

ಇಂಗ್ಲಿಷನ್ನು ಹೊಸದಾಗಿ ಕಲಿಯುತ್ತಿರುವ ಏಳೆಂಟು ವರ್ಷದ ಮಕ್ಕಳಿಗೆ ತರಗತಿಯಲ್ಲಿ ತೋರಿಸಲು ಕಿರುಚಿತ್ರವೊಂದನ್ನು ಆರಿಸಿಕೊಡಿ ಎಂದು ಯಾರಾದರೂ ಕೇಳಿದರೆ, ನಾನು ಈ ಹಳೆಯ ಚಿತ್ರವನ್ನೇ ಮೊದಲು ಹೆಸರಿಸುವೆ. ಹುಡುಗ ಕಾಲೆತ್ತುವುದಕ್ಕೆ ಒಂದು ಕ್ಷಣ ಮೊದಲು ಚಿತ್ರವನ್ನು ನಿಲ್ಲಿಸಿಬಿಟ್ಟರೆ ಮುಂದೇನಾಗುತ್ತದೆಂದು ಹೇಳದೆ ಇರುವ ಮಗುವುಂಟೆ? ಮೊದಲು ಕನ್ನಡದಲ್ಲೇ ಕೂಗುತ್ತಾರೆ, ಕೂಗಲಿ. ಆಗ ಉಪಾಧ್ಯಾಯರು ‘ವಾಟರ್’, ‘ಫುಟ್’, ‘ಲುಕ್’ ಎಂಬ ಮೂರು ಮಾತುಗಳನ್ನು ಒದಗಿಸಿದರೆ, ಹಸಿದವರ ಎಲೆಗೆ ಬಡಿಸಿದಂತಾಗುತ್ತದೆ. ಮನೆಯಲ್ಲಿ ಇಂಗ್ಲಿಷು ಕೇಳದ ಮಗುವಿಗೆ ಆ ಭಾಷೆಯನ್ನು ಆಡುವುದಕ್ಕೆ ಸಿಗುವುದು ಶಾಲೆಯ ಆ ಒಂದು ಪಿರಿಯಡ್ಡು ಮಾತ್ರ. ಅಷ್ಟು ಹೊತ್ತನ್ನೂ ಪರದೆಯೇ ಮಾತಾಡಿ ಮುಗಿಸಿದರೆ ಮಗುವಿನ ಪಾಲಿಗೆ ಉಳಿಯುವುದೇನು? ಚಿತ್ರವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗೆ ತೋರುತ್ತದೆ. ಇದಕ್ಕೆ ಸಾಕಷ್ಟು ಹಳೆಯ ಚರಿತ್ರೆಯೂ ಉಂಟು.

ಚಿತ್ರದಿಂದ ಭಾಷೆ ಕಲಿಸುವ ಯತ್ನ ಸಿನಿಮಾಕ್ಕಿಂತ ಬಹಳ ಹಿಂದಿನದು. ಮೊರೇವಿಯ ಪ್ರಾಂತದ ಕೊಮೇನಿಯಸ್ ಎಂಬ ಪಂಡಿತ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಮಕ್ಕಳಿಗಾಗಿ ಚಿತ್ರಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಲ್ಯಾಟಿನ್ ಕಲಿಸುವುದು ಉದ್ದೇಶ. ಪಕ್ಕದಲ್ಲಿಯೇ ಮಕ್ಕಳ ಮನೆಮಾತಾದ ಜರ್ಮನ್. ಚಿತ್ರದಲ್ಲಿರುವ ಒಂದೊಂದು ವಸ್ತುವಿಗೂ ಒಂದೊಂದು ಅಂಕಿ, ಅದೇ ಅಂಕಿ ಕೆಳಗಿನ ಮಾತಿಗೂ. ಅಕ್ಷರಮಾಲೆಯ ಪುಟವನ್ನಂತೂ ಪ್ರಾಣಿಪಕ್ಷಿಗಳ ಕೂಗಿನಿಂದಲೇ ಕಟ್ಟಿದ್ದಾನೆ. ಮರುವರ್ಷವೇ ಇಂಗ್ಲಿಷಿನ ಆವೃತ್ತಿಯೂ ಹೊರಟಿತು. ಗಮನಿಸಿ, ಆ ಪುಟ ಮಗುವಿನ ಮುಂದೆ ಸುಮ್ಮನೆ ಬಿದ್ದಿರುತ್ತದೆ. ಬೆರಳಿಟ್ಟು ಹುಡುಕಬಹುದು, ತಪ್ಪು ಹೇಳಬಹುದು, ಮತ್ತೆ ನೋಡಬಹುದು. ಓಡುವ ಚಿತ್ರ ಬಂದಾಗ ಈ ಸೌಕರ್ಯವೇ ಕೈತಪ್ಪಿತು.

ಓಡುವ ಚಿತ್ರದ ಮೇಲೆ ಮೊದಲಿಗೆ ಆಸೆ ಇಟ್ಟವರು ಸಾಮಾನ್ಯರಲ್ಲ. ಇನ್ನು ಹತ್ತು ವರ್ಷಗಳಲ್ಲಿ ಶಾಲೆಯ ಸ್ವರೂಪವೇ ಬದಲಾದೀತು, ಪುಸ್ತಕಗಳು ಬೇಡವಾದಾವು ಎಂದು 1913ರಲ್ಲಿ ಎಡಿಸನ್ ಮಹಾಶಯರು ಭವಿಷ್ಯ ನುಡಿದರು. ಹತ್ತು ವರ್ಷ ಕಳೆಯಿತು. ಪುಸ್ತಕಗಳು ಎಲ್ಲಿಗೂ ಹೋಗಲಿಲ್ಲ. ಆದರೆ ಸರಿಯಾಗಿ ಆ 1923ರಲ್ಲೇ ಈಸ್ಟ್‌ಮನ್ ಕೊಡಕ್ ಕಂಪನಿ ಸುಲಭವಾಗಿ ಬೆಂಕಿ ಹತ್ತದ 16 ಮಿಲಿಮೀಟರ್ ಫಿಲ್ಮನ್ನು ಪೇಟೆಗೆ ತಂದಿತು. ಹಳೆಯ ಫಿಲ್ಮು ಕಿಡಿ ತಗಲಿದರೆ ಭುಗಿಲೆನ್ನುತ್ತಿತ್ತು. ಅದನ್ನು ಮಕ್ಕಳ ನಡುವೆ ಇಡುವ ಧೈರ್ಯ ಯಾರಿಗಿದ್ದೀತು? ಹೊಸ ಫಿಲ್ಮಿನಿಂದ ಪ್ರೊಜೆಕ್ಟರು ಶಾಲೆಯ ಬಾಗಿಲು ದಾಟಿತು. ಆದರೂ ಕಿಟಕಿಗಳನ್ನು ಮುಚ್ಚಿ ಕತ್ತಲೆ ಮಾಡಬೇಕು, ಸುರುಳಿ ಏರಿಸಬೇಕು. ಬೇಕಾದಲ್ಲಿ ತಡೆದು ಹಿಂದಕ್ಕೆ ತಿರುಗಿಸಿ ಮತ್ತೆ ತೋರಿಸುವುದು ಸಾಮಾನ್ಯ ಉಪಾಧ್ಯಾಯರ ಕೈಲಾಗುವ ಕೆಲಸವಾಗಿರಲಿಲ್ಲ. ಆಮೇಲೆ ಬಂದ ಟೆಲಿವಿಷನ್ ಅಂತೂ ಯಾರಿಗೂ ಕಾಯುವುದಲ್ಲ.

ಈ ತೊಡಕನ್ನು ಬುದ್ಧಿವಂತಿಕೆಯಿಂದ ಬಿಡಿಸಿದವರು ಅಮೆರಿಕದ ‘ಸೆಸಮಿ ಸ್ಟ್ರೀಟ್’ ಕಾರ್ಯಕ್ರಮದವರು. 1969ರ ನವೆಂಬರ್ 10ರಂದು ಶುರುವಾದ ಈ ಕಾರ್ಯಕ್ರಮ ಪರಭಾಷೆಯ ಮಕ್ಕಳಿಗೆಂದು ಮಾಡಿದ್ದಲ್ಲ. ಅಲ್ಲಿನ ನಗರಗಳ ಬಡಮಕ್ಕಳು ಶಾಲೆಗೆ ಸಿದ್ಧರಾಗಲೆಂದು ಮಾಡಿದ್ದು. ಆದರೆ ಅವರು ತುಣುಕುಗಳನ್ನು ಆರಿಸಿದ ಬಗೆ ನಮ್ಮ ಲಕ್ಷ್ಯಕ್ಕೆ ಯೋಗ್ಯವಾದದ್ದು. ಎಡ್ವರ್ಡ್ ಪಾಮರ್ ಎಂಬ ಸಂಶೋಧಕರು ಮಗುವನ್ನು ಟೆಲಿವಿಷನ್ನಿನ ಮುಂದೆ ಕೂರಿಸಿ, ಪಕ್ಕದಲ್ಲಿ ಇನ್ನೊಂದು ಪರದೆ ಇಟ್ಟು, ಅದರಲ್ಲಿ ಏಳೂವರೆ ಸೆಕೆಂಡಿಗೊಂದರಂತೆ ಬಣ್ಣದ ಚಿತ್ರಗಳನ್ನು ಬದಲಿಸುತ್ತಿದ್ದರು. ಮಗುವಿನ ಕಣ್ಣು ಅತ್ತ ಹೊರಳಿದ ಗಳಿಗೆಯನ್ನೆಲ್ಲ ಗುರುತು ಹಾಕಿಕೊಳ್ಳುವುದು. ದೊಡ್ಡವರು ಮೆಚ್ಚಿ ತಯಾರಿಸಿದ ‘ಅಕ್ಷರಲೋಕದ ಪತ್ತೇದಾರ’ನೊಬ್ಬ ಈ ಪರೀಕ್ಷೆಯಲ್ಲಿ ಸೋತು ಮನೆಗೆ ಹೋದ! ಗೆದ್ದದ್ದು ಯಾವುದು? ಜೇಮ್ಸ್ ಅರ್ಲ್ ಜೋನ್ಸ್ ಎಂಬ ಗಂಭೀರ ಕಂಠದ ನಟರು ನಿಧಾನವಾಗಿ ಎ, ಬಿ, ಸಿ ಹೇಳುವ ತುಣುಕು. ಪ್ರತಿ ಅಕ್ಷರವೂ ಮೊದಲು ಪರದೆಯಲ್ಲಿ ಮೂಡುತ್ತದೆ, ಜೋನ್ಸ್ ಸ್ವಲ್ಪ ತಡೆದು ಅದನ್ನು ಉಚ್ಚರಿಸುತ್ತಾರೆ. ಮೊದಲ ಸಲ ಮಕ್ಕಳು ಅವರ ಹಿಂದೆ ಹೇಳಿದರು. ಮತ್ತೆ ಮತ್ತೆ ನೋಡಿದ ಮೇಲೆ ಅವರಿಗಿಂತ ಮುಂಚೆಯೇ ಕೂಗಿದರು. ಆ ಸಣ್ಣ ಬಿಡುವೇ ಮಕ್ಕಳ ಬಾಯಿ ತೆರೆಸಿದ್ದು.

ರೇಡಿಯೋ ಇರುವ ಮನೆಯವರಾದ ನಿಮಗೆ ಈ ಬಿಡುವಿನ ಬೆಲೆ ತಿಳಿಯದ್ದೇನಲ್ಲ. 1980ರಿಂದ 1985ರವರೆಗೆ ಕೆನ್ಯಾ ದೇಶದಲ್ಲಿ ಸಣ್ಣ ತರಗತಿಗಳಿಗೆ ರೇಡಿಯೋ ಮೂಲಕವೇ ಇಂಗ್ಲಿಷು ಕಲಿಸಿದಾಗಲೂ ಪಾಠ ನಿಂತದ್ದು ಇದರ ಮೇಲೆಯೇ. ಪೆಟ್ಟಿಗೆ ಪ್ರಶ್ನೆ ಕೇಳುವುದು, ಮಕ್ಕಳು ಉತ್ತರ ಕೂಗುವಷ್ಟು ಹೊತ್ತು ಸುಮ್ಮನಿರುವುದು.

ಈ ನಡುವೆ, 1976ರಲ್ಲಿ, ಜಪಾನಿನ ಜೆ.ವಿ.ಸಿ. ಕಂಪನಿ ವಿ.ಎಚ್.ಎಸ್. ಟೇಪನ್ನು ಹೊರತಂದಿತು. ಆ ಯಂತ್ರದ ಮೇಲಿನ ‘ಪಾಜ್’ ಎಂಬ ಗುಂಡಿ ಭಾಷಾಬೋಧನೆಗೆ ಮಾಡಿದ ಉಪಕಾರ ದೊಡ್ಡದು. ನಿಲ್ಲಿಸುವ ಅಧಿಕಾರ ಪ್ರಸಾರ ಮಾಡುವವರಿಂದ ಉಪಾಧ್ಯಾಯರ ಬೆರಳಿಗೆ ಬಂತು. ಮಾಲಿಯ ಕಥೆಯನ್ನು ಬೇಕಾದಲ್ಲಿ ತಡೆಯಬಹುದು. ಕೊಮೇನಿಯಸನ ಪುಟದಂತೆ ಮತ್ತೆ ಹಿಂದಕ್ಕೆ ತಿರುಗಿಸಬಹುದು.

1986ರಲ್ಲಿ ಬಿ.ಬಿ.ಸಿ.ಯವರು ಇಂಗ್ಲಿಷು ಕಲಿಯುವ ಮಕ್ಕಳಿಗೆಂದೇ ‘ಮಝಿ’ ಎಂಬ ವ್ಯಂಗ್ಯಚಿತ್ರಮಾಲೆಯನ್ನು ತಯಾರಿಸಿದರು. ಗಡಿಯಾರ ತಿನ್ನುವ ಹಸುರು ರಾಕ್ಷಸ, ರಾಜಕುಮಾರಿಯನ್ನು ಒಲಿದ ತೋಟಗಾರ, ಹೊಟ್ಟೆಕಿಚ್ಚಿನ ಖಳ, ಎಲ್ಲರೂ ಅದರಲ್ಲಿದ್ದಾರೆ. ಸೊಗಸಾದ ಕೆಲಸವೇ ಸರಿ. ಆದರೂ ನನ್ನ ಒಲವು ಸ್ವಿಟ್ಜರ್ಲೆಂಡಿನ ‘ಪಿಂಗು’ವಿನ ಕಡೆಗೆ. 1990ರಿಂದ ಪ್ರಸಾರವಾದ ಈ ಪೆಂಗ್ವಿನ್ ಮರಿ ಆಡುವುದು ಯಾವ ದೇಶದ ಭಾಷೆಯೂ ಅಲ್ಲ, ಬರೀ ಗಿಲಿಗಿಲಿ ನುಡಿ. ಹಾಗಾದರೆ ಇಂಗ್ಲಿಷು ಪಾಠಕ್ಕೆ ಇದೇಕೆ ಎನ್ನುತ್ತೀರೋ? ಕಥೆ ಐದಾರು ನಿಮಿಷದ್ದು. ತಂದೆ ತಾಯಿ, ತಂಗಿ, ಹಟ, ಮುನಿಸು ಎಲ್ಲವೂ ನೋಡಿದೊಡನೆ ತಿಳಿಯುತ್ತವೆ. ಇಂಗ್ಲಿಷಿನ ಜಾಗ ಖಾಲಿ ಇದೆ. ಅದನ್ನು ತುಂಬುವ ಕೆಲಸ ಮಕ್ಕಳದು. ಮಝಿಯ ಮುಂದೆ ಮಕ್ಕಳು ಕೇಳುತ್ತಾರೆ, ಪಿಂಗುವಿನ ಮುಂದೆ ಪಿಂಗುವಿನ ಪರವಾಗಿ ಮಾತಾಡುತ್ತಾರೆ.

ಕೇಳುತ್ತ ಕೇಳುತ್ತ ತಾನಾಗಿ ಬಂದುಬಿಡುತ್ತದೆ ಎಂಬ ವಾದವೂ ಒಂದುಂಟು. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈ ವಾದದವರು ನೋಡಬೇಕು. ಒಂಬತ್ತು ತಿಂಗಳ ಕೂಸುಗಳ ಒಂದು ಗುಂಪಿನ ಎದುರಿಗೆ ಚೀನೀ ಭಾಷೆಯವರು ಕೂತು ಹನ್ನೆರಡು ಸಲ ಆಡಿ ಓದಿ ತೋರಿಸಿದರು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಆದರೆ ಪರದೆಯ ಮೇಲೆ. ಮೊದಲ ಗುಂಪಿನ ಕೂಸುಗಳು ಆ ಭಾಷೆಯ ಧ್ವನಿಭೇದವನ್ನು ಗುರುತಿಸಿದವು. ಎರಡನೆಯ ಗುಂಪಿಗೆ ಏನೂ ದಕ್ಕಲಿಲ್ಲ. ಶಾಲೆಯ ಮಕ್ಕಳು ಕೂಸುಗಳಲ್ಲ, ಒಪ್ಪತಕ್ಕದ್ದೇ. ಆದರೂ ಉಪಾಧ್ಯಾಯರ ಕುರ್ಚಿಯನ್ನು ಪರದೆಗೆ ಬಿಟ್ಟುಕೊಡುವ ಮುನ್ನ ಯೋಚಿಸಲು ಇಷ್ಟು ಸಾಕು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ಅಲ್ಲಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾಶಿಕ್ಷಕರ ಗಮನ ಸೆಳೆಯಿತು. ಅವರ ಬಳಿ ಚಿತ್ರವೂ ಇಲ್ಲ, ಟೇಪೂ ಇಲ್ಲ. ರೈಲ್ವೆ ವೇಳಾಪಟ್ಟಿ, ನಕ್ಷೆ, ಕಪ್ಪು ಹಲಗೆ ಇಷ್ಟೇ. ವ್ಯಾಕರಣ ಒಪ್ಪಿಸುವ ಬದಲು ಮಕ್ಕಳು ಇಂಗ್ಲಿಷಿನಲ್ಲಿ ಲೆಕ್ಕ ಹಾಕಿ ಒಂದು ಸಮಸ್ಯೆಯನ್ನು ಬಿಡಿಸಬೇಕು. ಚಿತ್ರ ತೋರಿಸುವವರೂ ಇದನ್ನೇ ಮಾಡಬಹುದು. ದೀಪ ಆರಿಸುವ ಮೊದಲೇ ಪ್ರಶ್ನೆಯೊಂದನ್ನು ಕೈಗಿಡಬೇಕು: ಕೊಳವೆಯನ್ನು ಮೆಟ್ಟಿದವರು ಯಾರು? ಮಾಲಿ ಆತನನ್ನು ಹಿಡಿದನೆ? ಉತ್ತರ ಹುಡುಕುವ ಕಣ್ಣಿಗೂ ಸುಮ್ಮನೆ ನೋಡುವ ಕಣ್ಣಿಗೂ ಬಹಳ ಅಂತರ.

ಈಗ ಚಿತ್ರಕ್ಕೇನೂ ಬರವಿಲ್ಲ. 2005ರ ಏಪ್ರಿಲ್‌ನಲ್ಲಿ ಮೃಗಾಲಯದ ಆನೆಗಳ ಮುಂದೆ ತೆಗೆದ ಹತ್ತೊಂಬತ್ತು ಸೆಕೆಂಡಿನ ತುಣುಕಿನಿಂದ ಯೂಟ್ಯೂಬ್ ಶುರುವಾಯಿತು; ಅದರ ಆಳವನ್ನು ಇಂದು ಅಳೆದು ಮುಗಿಸಲಾಗದು. ಅಲ್ಲಿ ಮಕ್ಕಳಿಗೆಂದು ಸಿಗುವುದರಲ್ಲಿ ಬಹುಪಾಲು ಕಣ್ಣು ಕುಕ್ಕುವ ಬಣ್ಣ, ಉಸಿರು ತೆಗೆದುಕೊಳ್ಳದ ಹಾಡು. ಮಕ್ಕಳು ಕುಣಿಯುತ್ತಾರೆ, ಶಾಲೆಯ ವಾರ್ಷಿಕೋತ್ಸವಕ್ಕೂ ಆಗುತ್ತದೆ. ಆದರೆ ಆ ಹಾಡಿನ ನಡುವೆ ಒಂದು ಮಾತು ತೂರಿಸಲು ಮಗುವಿಗೆ ಸಂದಿಯೇ ಇಲ್ಲ.

ಆರಿಸುವ ಮೊದಲು ಮನೆಯಲ್ಲಿ ಒಮ್ಮೆ ಧ್ವನಿ ಆರಿಸಿ ನೀವೇ ನೋಡಿ. ಕಥೆ ತಿಳಿಯುತ್ತದೆಯೆ? ಮುಂದೇನು ಎನ್ನುವಂಥ ಒಂದಾದರೂ ಜಾಗ ಇದೆಯೆ? ಮರುದಿನವೂ ನೋಡಬೇಕೆನಿಸುವಷ್ಟು ಚಿಕ್ಕದಾಗಿದೆಯೆ? ಇದ್ದರೆ ಶಾಲೆಗೆ ಒಯ್ಯಿರಿ. ಒಯ್ಯುವಾಗ ಬೆರಳು ಆ ನಿಲ್ಲಿಸುವ ಗುಂಡಿಯ ಮೇಲೆಯೇ ಇರಲಿ.