ಮಳಲಿನಿಂದ ಕರಿಹಲಗೆಯವರೆಗೆ

ವಿದ್ಯೆಯು ಗುರುಮುಖದಿಂದ ಬರತಕ್ಕದ್ದೆಂಬುದು ನಮ್ಮ ಹಿರಿಯರ ಮತವು. ಆದರೂ ಕಿವಿಗೆ ಬಿದ್ದುದು ಕೈಗೆ ಹತ್ತಬೇಕಾದರೆ ಏನಾದರೊಂದು ಸಾಧನವು ಬೇಕೇ ಬೇಕು. ಆ ಸಾಧನಗಳು ನಮ್ಮ ಸೀಮೆಯಲ್ಲಿ ಹೇಗೆ ಮಾರ್ಪಟ್ಟವೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆನು.

ಹಿಂದೆ ಶಾಲೆಗೆ ಮಠವೆಂದೇ ಹೆಸರು. ಧಾರವಾಡದಲ್ಲಿ 1865ರಲ್ಲಿ ಹೊರಟ ಶಿಕ್ಷಣ ಮಾಸಿಕಕ್ಕೂ ‘ಮಠಪತ್ರಿಕೆ’ ಎಂಬ ಹೆಸರೇ ಇದ್ದಿತು. ಗುಡಿಯ ಪೌಳಿಯಲ್ಲಿಯೋ ಮನೆಯ ಪಡಸಾಲೆಯಲ್ಲಿಯೋ ಐಗಳು ನಡೆಯಿಸುತ್ತಿದ್ದ ಆ ಮಠಗಳಲ್ಲಿ ನೆಲದ ಮೇಲೆ ಹರಡಿದ ಮಳಲೇ ಬಾಲಕನ ಮೊದಲ ಪುಸ್ತಕವು, ಬೆರಳೇ ಲೇಖನಿಯು. ಮುಂದೆ ಕಡತವು ಬರುತ್ತಿದ್ದಿತು. ಅರಿವೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿಯ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಮಸಿ ಬಳಿಯುವುದು. ವ್ಯಾಪಾರಸ್ಥರ ಲೆಕ್ಕಗಳೂ ಇದರಲ್ಲಿಯೇ ಇರುತ್ತಿದ್ದವು. ಆದುದರಿಂದ ಮಠದಲ್ಲಿ ಕಲಿತ ಸಾಧನವೇ ಅಂಗಡಿಯಲ್ಲಿಯೂ ಉಪಯೋಗಕ್ಕೆ ಬರುತ್ತಿದ್ದಿತು. ಬಳಪವಾದರೂ ಪರದೇಶದ ವಸ್ತುವಲ್ಲ. ನಮ್ಮ ತಾಲೂಕಿನ ಚೌಡದಾನಪುರದ ಮುಕ್ತೇಶ್ವರ ದೇವಾಲಯವನ್ನು ಕಟ್ಟಿದ್ದು ಇದೇ ಜಾತಿಯ ಮೆದುಗಲ್ಲಿನಿಂದ.

ಮಳಲಿನ ಬರಹವು ಸಮುದ್ರವನ್ನೂ ದಾಟಿತು! ಮದ್ರಾಸಿನ ಅನಾಥಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ಲನು ಇಲ್ಲಿಯ ಮಕ್ಕಳು ಮಳಲಿನಲ್ಲಿ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲಿ ಅದನ್ನು ರೂಢಿಗೆ ತಂದು, 1797ರಲ್ಲಿ ಆ ಪ್ರಯೋಗವನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರನ ಶಾಲೆಯ ಬಡಮಕ್ಕಳೂ ಮಳಲಿನ ಮಣೆಯ ಮೇಲೆ ಅಕ್ಷರ ತಿದ್ದಿದರು.

ಸರಕಾರಿ ಶಾಲೆಗಳ ಕಾಲಕ್ಕೆ ಕಲ್ಲಿನ ಪಾಟಿಯೂ, ಗೋಡೆಯ ಕರಿಹಲಗೆಯೂ, ಖಡುವೂ ಬಂದವು. ಇಲ್ಲೊಂದು ಭೇದವನ್ನು ಗಮನಿಸಬೇಕು. ಮಳಲು, ಕಡತ, ಪಾಟಿಗಳು ಶಿಷ್ಯನ ಕೈಯವು. ಕರಿಹಲಗೆಯು ಗುರುವಿನ ಕೈಯದು. ಒಬ್ಬನು ಬರೆದುದನ್ನು ಐವತ್ತು ಜನರು ಒಮ್ಮೆಲೇ ನೋಡುವಂತಾದುದು ದೊಡ್ಡ ಲಾಭವು. ಆದರೆ ಬರೆಯುವ ಮಗುವು ನೋಡುವ ಮಗುವಾಗತೊಡಗಿದುದೂ ಅಂದಿನಿಂದಲೇ.

ಮುಂದಿನ ಸಾಧನಗಳು ಈ ದಾರಿಯನ್ನೇ ಹಿಡಿದವು. 1975–76ರಲ್ಲಿ ಅಮೇರಿಕೆಯ ಉಪಗ್ರಹದ ಮೂಲಕ ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ಆದರೂ 1987ರಲ್ಲಿ ದೇಶದ ಪ್ರಾಥಮಿಕ ಶಾಲೆಗಳಿಗೆ ಕರಿಹಲಗೆ ಮೊದಲಾದ ಕನಿಷ್ಠ ಸಾಮಗ್ರಿಗಳನ್ನು ಒದಗಿಸಲು ಕೇಂದ್ರ ಸರಕಾರವು ಪ್ರತ್ಯೇಕ ಯೋಜನೆಯನ್ನೇ ಹೂಡಬೇಕಾಯಿತು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ ಪಾಠಗಳು ಮನೆಗಳಿಗೆ ಮುಟ್ಟಿದವು. ಅದು ಉಪಕಾರವೇ ಸರಿ. ಆದರೆ ಆ ಪೆಟ್ಟಿಗೆಗೆ ಮಗುವು ಪ್ರಶ್ನೆ ಕೇಳುವಂತಿರಲಿಲ್ಲ. ಅದು ಮಗುವಿನ ತಪ್ಪನ್ನು ಕಾಣುವಂತೆಯೂ ಇರಲಿಲ್ಲ. ಕೈಯಂತ್ರವಿಲ್ಲದ ಮನೆಯ ಮಗುವಿಗಂತೂ ಬೇರೆ ಪಾಠಗಳು ದೂರವೇ ಉಳಿದವು. ಮಳಲಿಗೆ ಕಾಸು ಬೇಕಾಗಿರಲಿಲ್ಲ.

ಹಳೆಯ ಮಠಗಳೇ ಮರಳಲೆಂದು ನಾನು ಹೇಳುವುದಿಲ್ಲ. ಅಲ್ಲಿ ಹುಡುಗಿಯರಿಗೂ ಅನೇಕ ಜಾತಿಗಳವರಿಗೂ ಬಾಗಿಲು ಮುಚ್ಚಿದ್ದಿತು. ಆ ಬಾಗಿಲನ್ನು ತೆರೆದುದು ಹೊಸ ಶಾಲೆಗಳೇ. ನನ್ನ ವಿಜ್ಞಾಪನೆಯು ಇಷ್ಟೇ: ಯಾವ ಹೊಸ ಸಾಧನವು ಬಂದಾಗಲೂ ಅದರಲ್ಲಿ ಮಗುವು ತಾನೇ ಬರೆದು, ತಪ್ಪಿ, ಅಳಿಸಿ, ಮತ್ತೆ ಬರೆಯಲು ಸ್ಥಳವಿದೆಯೇ, ಅಳಿಸುವ ಮೊದಲು ಅದನ್ನು ನೋಡುವ ಗುರುವು ಹತ್ತಿರದಲ್ಲಿರುವನೇ ಎಂಬುದನ್ನು ತಂದೆತಾಯಿಗಳು ಮೊದಲು ವಿಚಾರಿಸಲಿ.