ಕೆಎ-13: ನಂಬರ್ ಪ್ಲೇಟಿನ ಹಿಂದಿರುವ ಕತೆ

ಮಲ್ಲಿಪಟ್ಟಣದ ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ಹೋಗಿ ಬರುವ ಗಾಡಿಗಳನ್ನು ನೋಡಿ. ಹೆಚ್ಚಿನವು ಹಾಸನದ ಕೆಎ-13. ಕೊಡಗಿನ ಗಡಿ ದೂರವಿಲ್ಲವಾದ್ದರಿಂದ ನಡುನಡುವೆ ಮಡಿಕೇರಿಯ ಕೆಎ-12, ಆಗೊಮ್ಮೆ ಸಕಲೇಶಪುರದ ಕೆಎ-46. ಸಾರಿಗೆ ಸಂಸ್ಥೆಯ ಬಸ್ಸಾದರೆ ಸಂಖ್ಯೆಯ ನಡುವೆ 'ಎಫ್', ಸರ್ಕಾರಿ ಜೀಪಾದರೆ 'ಜಿ'. ಗಾಡಿಯ ಊರು ಯಾವುದೆಂದು ಯಾರನ್ನೂ ಕೇಳಬೇಕಿಲ್ಲ.

ಈ ಪದ್ಧತಿ ಹುಟ್ಟಿದ್ದು ಪ್ಯಾರಿಸಿನಲ್ಲಿ. 1893ರಲ್ಲಿ ಅಲ್ಲಿನ ಪೊಲೀಸರು ಮೋಟಾರು ಗಾಡಿಗಳಿಗೆ ಫಲಕ ಕಡ್ಡಾಯಗೊಳಿಸಿದರು. ಬ್ರಿಟನ್ನಿನಲ್ಲಿ ಇದು 1904ರ ಜನವರಿ 1ರಿಂದ ಜಾರಿಗೆ ಬಂತು. ಭಾರತಕ್ಕೆ 1914ರಲ್ಲೊಂದು, 1939ರಲ್ಲೊಂದು ಮೋಟಾರು ವಾಹನ ಕಾಯ್ದೆ ಬಂತು. ನಮ್ಮ ಹಿರಿಯರ ನೆನಪಿನಲ್ಲಿರುವ 'ಎಂವೈ' ಆ ಕಾಲದ್ದು, ಮೈಸೂರಿನ ಮೊದಲಕ್ಷರಗಳು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದರೂ ಹಳೆಯ ಲಾರಿಗಳ ಮೂತಿಯ ಮೇಲೆ ಮೈಸೂರು ಬಹುಕಾಲ ಓಡಾಡಿಕೊಂಡಿತ್ತು. ರಾಜ್ಯಕ್ಕೆ ಎರಡಕ್ಷರ, ಸಾರಿಗೆ ಕಚೇರಿಗೆ ಎರಡಂಕಿ ಎಂಬ ಇಂದಿನ ಕ್ರಮ ಬಂದದ್ದು 1988ರ ಕಾಯ್ದೆಯಿಂದ. ಅದು ಜಾರಿಯಾದದ್ದು 1989ರ ಜುಲೈ 1ರಂದು.

ಬಣ್ಣಗಳ ವಿಷಯ ಎಲ್ಲರಿಗೂ ಗೊತ್ತು: ಸ್ವಂತದ್ದಕ್ಕೆ ಬಿಳಿ, ಬಾಡಿಗೆಯದಕ್ಕೆ ಹಳದಿ, ಈಚೆಗೆ ವಿದ್ಯುತ್ ವಾಹನಕ್ಕೆ ಹಸಿರು.

ಫಲಕದ ಅಕ್ಷರ ಇಂಗ್ಲಿಷಿನಲ್ಲೂ ಅಂಕಿಗಳು 'ಅರೇಬಿಕ್'ನಲ್ಲೂ ಇರಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಕನ್ನಡ ಅಂಕಿಯನ್ನು ಪ್ರೀತಿಯಿಂದ ಬರೆಸಿ ದಂಡ ಕಟ್ಟಿದವರಿದ್ದಾರೆ. ತಮಾಷೆಯೆಂದರೆ, ಈ 'ಅರೇಬಿಕ್' ಅಂಕಿಗಳನ್ನು ಅರಬರು ಕರೆದದ್ದು ಹಿಂದಿ ಅಂಕಿಗಳೆಂದು. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನ ಅಲ್ ಖ್ವಾರಿಝ್ಮಿ ಭಾರತದ ಲೆಕ್ಕಪದ್ಧತಿಯ ಕುರಿತು ಬರೆದರು. ಅರಬಿಯಿಂದ ಅದು ಯುರೋಪಿಗೆ ದಾಟಿತು. ನಮ್ಮದೇ ಸರಕು ಊರೂರು ಸುತ್ತಿ, ಬೇರೆಯವರ ಹೆಸರು ಹೊತ್ತು, ಮಲ್ಲಿಪಟ್ಟಣದ ಬೈಕಿನ ಮೇಲೆ ಬಂದು ಕೂತಿದೆ.

ಆದರೆ ನಮ್ಮ ಹಳ್ಳಿಗಳಲ್ಲಿ ನಿಜವಾದ ತೊಂದರೆ ಇರುವುದು ಲಿಪಿಯಲ್ಲಲ್ಲ, ಹೆಸರಿನಲ್ಲಿ. ಹಳೆಯ ಬೈಕು ಕೈಯಿಂದ ಕೈಗೆ ಹೋಗುತ್ತದೆ. ಹಣ ಎಣಿಸಿ ಕೊಟ್ಟು, ಆರ್‌ಸಿ ಪುಸ್ತಕ ಜೇಬಿಗಿಟ್ಟರೆ ವ್ಯಾಪಾರ ಮುಗಿಯಿತು ಎಂದು ನಾವು ತಿಳಿಯುತ್ತೇವೆ. 'ಹಾಸನಕ್ಕೆ ಹೋದಾಗ ಮಾಡಿಸಿದರಾಯಿತು' ಎನ್ನುವ ಮಾತು ವರ್ಷಗಟ್ಟಲೆ ಮಾತಾಗಿಯೇ ಉಳಿಯುತ್ತದೆ. ಕಾಯ್ದೆಯ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ತಿಳಿಸದಿದ್ದರೆ ಏನಾಗುತ್ತದೆ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್–ವಿಜಯ್ ಕುಮಾರ್ ಪ್ರಕರಣದಲ್ಲಿ ಇದಕ್ಕೆ ಉತ್ತರಿಸಿತು. ಆ ಕಾರು ಹಲವರ ಕೈ ದಾಟಿತ್ತು, ದಾಖಲೆಯಲ್ಲಿದ್ದದ್ದು ಮೊದಲಿನವರ ಹೆಸರು. ಅಪಘಾತದ ಪರಿಹಾರ ಆ ಹೆಸರಿನವರ ಮೇಲೆಯೇ ಬಿತ್ತು. ನೊಂದವರು ಮಾಲೀಕನನ್ನು ಹುಡುಕಿಕೊಂಡು ಮಾರಾಟದ ಸರಪಳಿಯ ಹಿಂದೆ ಅಲೆಯಬಾರದು ಎಂಬುದು ನ್ಯಾಯಾಲಯದ ನಿಲುವು. ನಮಗೂ ಅದು ಸರಿಯೆಂದೇ ಕಾಣುತ್ತದೆ.

2023ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಗಳಿಗೂ ಅತಿ ಸುರಕ್ಷಿತ ಫಲಕ ಕಡ್ಡಾಯ ಮಾಡಿತು. ನವೆಂಬರ್ 17ರ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಅರ್ಜಿ ಹಾಕಲು ಕೂತಾಗಲೇ ಎಷ್ಟೋ ಜನರಿಗೆ ತಮ್ಮ ಬೈಕು ಇನ್ನೂ ಯಾರದೋ ಹೆಸರಿನಲ್ಲಿದೆ ಎಂಬುದು ನೆನಪಾದದ್ದು. ಆ ಹಳೆಯ ಮಾಲೀಕರು ಎಲ್ಲಿದ್ದಾರೆಂದು ಹುಡುಕುತ್ತಾ ಕೆಲವರು ಸಂತೆಯ ದಿನ ಅರಕಲಗೂಡಿನ ಬಸ್ಸು ಹತ್ತಿದರು.