ಕೆಂಪಿನ ಲೆಕ್ಕ: ಚರ್ಮದ ಸುರಕ್ಷತಾ ಪರೀಕ್ಷೆ ಅಳೆದದ್ದು ಏನನ್ನು?

ಗಾಯಕ್ಕೆ ಹಚ್ಚುವ ಮುಲಾಮು, ಮೈಗೆ ಅಂಟಿಸುವ ಪ್ಲಾಸ್ಟರು ‘ಚರ್ಮಕ್ಕೆ ಸುರಕ್ಷಿತ’ ಎನಿಸಿಕೊಂಡರೆ ಅದು ಆ ವಸ್ತುವಿನ ಗುಣವೆಂದೇ ನಾವು ತಿಳಿಯುತ್ತೇವೆ. ಆದರೆ ಆ ಮಾತು ವಸ್ತುವಿಗಿಂತ ಹೆಚ್ಚಾಗಿ, ಪರೀಕ್ಷಿಸಿದ ಕಾಲ ಯಾವುದನ್ನು ಹಾನಿಯೆಂದು ಗುರುತಿಸಿತ್ತು ಎಂಬುದನ್ನು ಹೇಳುತ್ತದೆ ಎನ್ನುವುದು ನನ್ನ ವಾದ. 1930ರ ದಶಕದ ಆರಂಭದಲ್ಲಿ ‘ಲ್ಯಾಶ್ ಲೂರ್’ ಎಂಬ ರೆಪ್ಪೆಬಣ್ಣ ಅಮೆರಿಕದಲ್ಲಿ ಹಲವರ ಕಣ್ಣು ಕೆಡಿಸಿದಾಗ ಅದನ್ನು ತಡೆಯಲು ಸರ್ಕಾರಕ್ಕೆ ಕಾನೂನೇ ಇರಲಿಲ್ಲ. 1938ರ ಕಾಯ್ದೆ ಅಧಿಕಾರ ಕೊಟ್ಟಿತು. ಅಧಿಕಾರದ ಬೆನ್ನಿಗೆ ಅಳತೆಗೋಲೂ ಬೇಕಾಯಿತು.

ಆ ಅಳತೆಗೋಲನ್ನು 1944ರಲ್ಲಿ ಕೊಟ್ಟವರು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಜಾನ್ ಡ್ರೇಜ್ ಮತ್ತು ಸಂಗಡಿಗರು. ಬಿಳಿ ಮೊಲದ ಬೆನ್ನಿನ ಕೂದಲು ತೆಗೆದು, ಕೆಲವೆಡೆ ಚರ್ಮವನ್ನು ಗೀರಿ, ವಸ್ತುವನ್ನು ಪಟ್ಟಿಯಡಿ 24 ಗಂಟೆ ಇಡುವುದು. ಆಮೇಲೆ ಕೆಂಪಿಗೆ 0ಯಿಂದ 4, ಊತಕ್ಕೆ 0ಯಿಂದ 4 ಅಂಕ ಕೊಡುವುದು. ಕ್ರಮ ಸರಳ, ಹಾಗಾಗಿಯೇ ಲೋಕವೆಲ್ಲ ಹಬ್ಬಿತು. ಆದರೆ ಅಂಕ ಕೊಡುವುದು ಕಣ್ಣು. 1971ರಲ್ಲಿ ವೈಲ್ ಮತ್ತು ಸ್ಕಾಲಾ ಎಂಬ ಸಂಶೋಧಕರು ಅವೇ ವಸ್ತುಗಳನ್ನು ಹಲವು ಪ್ರಯೋಗಾಲಯಗಳಿಗೆ ಕೊಟ್ಟು ನೋಡಿದಾಗ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಇನ್ನೊಂದು ಸಂಗತಿಯನ್ನು ಕಪ್ಪು, ಕಂದು ಮೈಬಣ್ಣದ ನಾವು ಮರೆಯಬಾರದು: ಬಿಳಿ ಚರ್ಮದ ಮೇಲೆ ಕೆಂಪಗೆ ಎದ್ದು ಕಾಣುವ ಉರಿಯೂತ ಕಪ್ಪು ಚರ್ಮದ ಮೇಲೆ ನೇರಳೆಯಾಗಿಯೋ, ಇನ್ನಷ್ಟು ಕಪ್ಪಾಗಿಯೋ ಕಾಣುತ್ತದೆ, ಎಷ್ಟೋ ಸಲ ಕಣ್ತಪ್ಪುತ್ತದೆ.

ಮೊಲದ ಚರ್ಮ ಮನುಷ್ಯರ ಚರ್ಮಕ್ಕಿಂತ ನಾಜೂಕು, ಹಾಗಾಗಿ ಪರೀಕ್ಷೆ ತಪ್ಪಿದರೂ ಎಚ್ಚರದ ಕಡೆಗೇ ತಪ್ಪುತ್ತದೆ ಎಂಬ ಆಕ್ಷೇಪವುಂಟು. ಉರಿಯ ಮಟ್ಟಿಗೆ ಇದು ಬಹುಪಾಲು ನಿಜ. ಅಲರ್ಜಿಯ ದಾರಿಯೇ ಬೇರೆ. ಮೊದಲ ಸ್ಪರ್ಶಕ್ಕೆ ಚರ್ಮ ಸುಮ್ಮನಿದ್ದು, ಮುಂದೊಂದು ದಿನ ಅದೇ ವಸ್ತು ಮತ್ತೆ ತಗುಲಿದಾಗ ಸಿಡಿದೇಳುತ್ತದೆ. ಜರ್ಮನ್ ಚರ್ಮವೈದ್ಯ ಯೋಸೆಫ್ ಯಾಡಾಸೋನ್ ಪಾದರಸದ ಅಲರ್ಜಿಯನ್ನು ಪಟ್ಟಿ ಹಚ್ಚಿ ತೋರಿಸಿದ್ದು 1895ರಲ್ಲಿ, ಅಂದರೆ ಡ್ರೇಜ್‌ಗಿಂತ ಅರ್ಧ ಶತಮಾನ ಮೊದಲು. ಗಾಯ ವಾಸಿಮಾಡಲೆಂದೇ ಬಳಸುವ ನಿಯೋಮೈಸಿನ್, ಪ್ಲಾಸ್ಟರಿನ ಅಂಟಿಗೆ ಸೇರುತ್ತಿದ್ದ ಪೈನ್ ಮರದ ರಾಳ, ಇವೆರಡೂ ಇಂದು ಚರ್ಮವೈದ್ಯರ ಅಲರ್ಜಿ ಪರೀಕ್ಷಾಪಟ್ಟಿಯಲ್ಲಿ ಸ್ಥಾನ ಪಡೆದಿವೆ. ಕೆಲವೇ ದಿನದ ಕೆಂಪನ್ನು ಎಣಿಸುವ ಕ್ರಮಕ್ಕೆ ಇಂಥ ತಡವಾದ ಸಿಟ್ಟು ಸಿಗುವುದಿಲ್ಲ. ಅದಕ್ಕಾಗಿ ಗಿನಿಯಿಲಿಗಳ ಮೇಲೆ ಪ್ರತ್ಯೇಕ ಪರೀಕ್ಷೆಗಳು ಬಂದವು: 1965ರಲ್ಲಿ ಬ್ಯೂಲರ್ ಅವರದು, 1969ರಲ್ಲಿ ಮ್ಯಾಗ್ನುಸನ್ ಮತ್ತು ಕ್ಲಿಗ್ಮನ್ ಅವರದು. (ಇದೇ ಆಲ್ಬರ್ಟ್ ಕ್ಲಿಗ್ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಚರ್ಮದ ಮೇಲೂ ವರ್ಷಗಟ್ಟಲೆ ಪ್ರಯೋಗ ನಡೆಸಿದವರು. ಮೊಲಕ್ಕೆ ಬದಲಿ ಹುಡುಕುವುದೆಂದರೆ ಯಾವಾಗಲೂ ದಯೆಯೆಂದು ಅರ್ಥವಲ್ಲ.)

ಉರಿಯ ಪರೀಕ್ಷೆಗೆ ಮೊಲದ ಬದಲು ಈಗ ಪ್ರಯೋಗಾಲಯದಲ್ಲೇ ಬೆಳೆಸಿದ ಮಾನವ ಹೊರಚರ್ಮ ಬಂದಿದೆ. ರಾಸಾಯನಿಕಗಳಿಗೆ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಇದನ್ನು 2010ರಲ್ಲಿ ಒಪ್ಪಿತು; ವೈದ್ಯಕೀಯ ಸಾಧನಗಳಿಗೆ 2021ರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 10993-23 ಒಪ್ಪಿತು. ಸಾಧನವನ್ನು ಉಪ್ಪುನೀರಿನಲ್ಲೂ ಎಳ್ಳೆಣ್ಣೆಯಲ್ಲೂ (ಹೌದು, ನಮ್ಮ ಅಭ್ಯಂಜನದ ಎಳ್ಳೆಣ್ಣೆಯೇ) ನೆನೆಸಿ, ಬಿಟ್ಟ ಸಾರವನ್ನು ಆ ಚರ್ಮಕ್ಕೆ ಹಾಕುತ್ತಾರೆ. ಅದರ ಜೀವಕೋಶಗಳ ಜೀವಂತಿಕೆ ಅರ್ಧಕ್ಕೆ ಇಳಿದರೆ ವಸ್ತು ಉರಿಕಾರಕ. ಕಣ್ಣಂದಾಜಿಗಿಂತ ಇದು ಎಷ್ಟೋ ಮೇಲು, ಅನುಮಾನವಿಲ್ಲ. ಆದರೂ ಕೇಳುವ ಪ್ರಶ್ನೆ ಬದಲಾಗಿದೆ: ಮೊದಲು ಕೆಂಪನ್ನು ಎಣಿಸುತ್ತಿದ್ದರು, ಈಗ ಜೀವಕೋಶದ ಸಾವನ್ನು. ಕೆಂಪಾಗಲು ಈ ಚರ್ಮಕ್ಕೆ ರಕ್ತನಾಳಗಳಿಲ್ಲ, ತುರಿಸಲು ನರಗಳಿಲ್ಲ. ಸಾಕಷ್ಟು ಒರೆಗೆ ಹಚ್ಚಿಯೇ ಇದನ್ನು ಒಪ್ಪಿದ್ದಾರೆ ಎನ್ನಬಹುದು. ಒರೆಗಲ್ಲು ಯಾವುದು? ರಾಸಾಯನಿಕಗಳ ವಿಷಯದಲ್ಲಿ ಹೊಸ ವಿಧಾನ ಸರಿಯೋ ತಪ್ಪೋ ಎಂದು ತೂಗಿದ್ದು ಹೆಚ್ಚಾಗಿ ಹಳೆಯ ಮೊಲದ ದಾಖಲೆಗಳ ಎದುರೇ. ಅಲರ್ಜಿಯ ಮಾತಿಗೆ ಬಂದರಂತೂ, ಅದೇ 2021ರಲ್ಲಿ ಪರಿಷ್ಕೃತವಾದ ಐಎಸ್‌ಒ 10993-10ರಲ್ಲಿ ಗಿನಿಯಿಲಿ ಮತ್ತು ಇಲಿಗಳ ಪರೀಕ್ಷೆಗಳು ಉಳಿದೇ ಇವೆ.